ಅವ್ವನ ರೊಟ್ಟಿ ಲೆಕ್ಕ

ಸಾಧಕರ ಕಥೆಗಳನ್ನು ಓದುವಾಗ ನನಗೊಂದು ಚಟ ಇದೆ. ನಡುವಿನ ವರ್ಷಗಳನ್ನು ಹುಡುಕುತ್ತೇನೆ. ಮೊದಲು ಕಷ್ಟ ಇರುತ್ತೆ, ಕೊನೆಗೆ ಹಾರ-ಶಾಲು ಇರುತ್ತೆ. ನಡುವಿನ ಹತ್ತು-ಹದಿನೈದು ವರ್ಷ ಮಾತ್ರ ‘ಛಲ ಬಿಡದೆ ದುಡಿದರು’ ಅನ್ನೋ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ. ಆ ವರ್ಷಗಳಲ್ಲಿ ದಿನಾ ಎಷ್ಟು ಬಂತು, ಎಷ್ಟು ಹೋಯ್ತು, ಯಾರು ಪಕ್ಕದಲ್ಲಿ ನಿಂತರು ಅಂತ ತಿಳಿದುಕೊಳ್ಳೋ ಆಸೆ ನನಗೆ. ನಾನು ಲೆಕ್ಕದ ಟೀಚರ್ ಆಗಿರೋದರಿಂದ ಇರಬಹುದು. ಅಥವಾ ನಮ್ಮ ಮನೆಯ ನಡುವಿನ ವರ್ಷಗಳ ಲೆಕ್ಕವನ್ನು ನಾನೇ ಕೈಯಾರೆ ಬರೆದದ್ದರಿಂದಲೂ ಇರಬಹುದು.

ನಮ್ಮದು ಗದಗ. ಅಪ್ಪ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲರಾಗಿದ್ದರು. 1999ರ ಮಳೆಗಾಲದಲ್ಲಿ ಕಾಯಿಲೆ ಬಿದ್ದು, ಎರಡು ತಿಂಗಳು ಆಸ್ಪತ್ರೆಗೆ ಓಡಾಡಿ, ತೀರಿಕೊಂಡರು. ಅವ್ವನಿಗೆ ಆಗ ಮೂವತ್ತನಾಲ್ಕು. ಅಕ್ಕ ಎಸ್ಸೆಸ್ಸೆಲ್ಸಿ, ನಾನು ಏಳನೇ ಕ್ಲಾಸು, ತಮ್ಮ ಎರಡನೇ ಕ್ಲಾಸು. ಆಸ್ಪತ್ರೆ ಖರ್ಚಿಗೆಂದು ಬಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ಎತ್ತಿದ ಸಾಲ 30,000 ರೂಪಾಯಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಅಂದರೆ ತಿಂಗಳು ತುಂಬಿದ ಕೂಡಲೇ 1,500 ಎಣಿಸಬೇಕು. ಅಸಲು ಹಾಗೇ ಕೂತಿರುತ್ತೆ.

ದಿನಕರ್ಮ ಮುಗಿದ ವಾರಕ್ಕೆ ದೊಡ್ಡಪ್ಪ ಬಂದರು. ಕೆಟ್ಟವರಲ್ಲ, ಅವರ ಮನೆಯಲ್ಲೂ ತಿನ್ನೋ ಬಾಯಿ ಬಹಳ ಇದ್ದವು. “ನೋಡವಾ, ದೊಡ್ಡಾಕಿಗೆ ಒಂದ್ ಗಂಡು ಐತಿ. ಮದುವಿ ಮಾಡಿ ಕಳಿಸಿದ್ರ ಒಂದ್ ಹೊಟ್ಟಿ ಕಡಿಮಿ ಆಕ್ಕೈತಿ” ಅಂದರು. ಅಕ್ಕನಿಗೆ ಆಗ ಹದಿನೈದು. ಅವ್ವ ಸೆರಗು ಸರಿ ಮಾಡಿಕೊಂಡು, ತಲೆ ಎತ್ತದೆ ಹೇಳಿದಳು: “ಭಾವಾರ, ಹೊಟ್ಟಿ ಕಡಿಮಿ ಮಾಡೂದು ಬ್ಯಾಡ್ರಿ. ನಾ ರೊಟ್ಟಿ ಹೆಚ್ಚಿಗಿ ಮಾಡತೀನಿ.”

ಅದು ಸಿಟ್ಟಿನಲ್ಲಿ ಬಂದ ಮಾತು ಅಂದುಕೊಂಡಿದ್ದೆವು. ಮರುದಿನವೇ ಅವಳು ಅದನ್ನು ಅಕ್ಷರಶಃ ಮಾಡಲು ಶುರುವಿಟ್ಟಳು.

ಜೋಳದ ರೊಟ್ಟಿ ಗೊತ್ತಿರೋರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು. ಗೋಧಿ ಹಿಟ್ಟಿಗೆ ಇರೋ ಅಂಟು ಜೋಳದ ಹಿಟ್ಟಿಗಿಲ್ಲ. ತಣ್ಣೀರು ಹಾಕಿ ಕಲಸಿದರೆ ಬಡಿಯುವಾಗ ಅಂಚು ಒಡೆದು ಚೂರಾಗುತ್ತೆ. ಅದಕ್ಕೇ ಕುದಿಯೋ ಎಸರು ಸುರಿದು, ಕೈ ಸುಡುವಾಗಲೇ ನಾದಬೇಕು. ಹಿಟ್ಟು ಹದಕ್ಕೆ ಬಂದರೆ ಮಾತ್ರ ಹಲಗೆ ಮೇಲೆ ತಿರುಗಿಸುತ್ತಾ ಬಡಿದಂತೆ ಚಂದ್ರನ ಹಾಗೆ ಅಗಲವಾಗುತ್ತೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಬೇಕು. ಮೆತ್ತಗೆ ಬೇಕಾದವರಿಗೆ ಬಿಸಿ ರೊಟ್ಟಿ. ಇನ್ನಷ್ಟು ಒಣಗಿಸಿ ತೇವ ಪೂರ್ತಿ ತೆಗೆದರೆ ಕಡಕ್ ರೊಟ್ಟಿ, ತಿಂಗಳುಗಟ್ಟಲೆ ಕೆಡೋದಿಲ್ಲ. ಕಡಕ್ ರೊಟ್ಟಿ ಇಟ್ಟುಕೊಂಡು ಮಾರಬಹುದು ಅನ್ನೋದೇ ಅವ್ವ ಹಿಡಿದ ದಾರಿ.

ಖಾನಾವಳಿಯೊಂದಕ್ಕೆ ದಿನಕ್ಕೆ 150 ರೊಟ್ಟಿ ಕೊಡೋದು ಅಂತ ಮಾತಾಯ್ತು. ಒಂದಕ್ಕೆ ಒಂದು ರೂಪಾಯಿ. ಒಂದು ಕೆ.ಜಿ. ಹಿಟ್ಟಿಗೆ ಅವ್ವನ ಕೈಯಲ್ಲಿ ಹದಿನೆಂಟು ರೊಟ್ಟಿ ಬರುತ್ತಿದ್ದವು. ಜೋಳ, ಗಿರಣಿ, ಕಟ್ಟಿಗೆ ಕಳೆದರೆ ದಿನಕ್ಕೆ 60 ರೂಪಾಯಿ ಉಳಿಯೋದು. ತಿಂಗಳಿಗೆ 1,800. ಅದರಲ್ಲಿ ಬಡ್ಡಿ 1,500. ಉಳಿದ 300 ರೂಪಾಯಿಯಲ್ಲಿ ನಾಲ್ಕು ಜನ ಬದುಕಬೇಕು. ಮುಂಜಾನೆ ನಾಲ್ಕಕ್ಕೆ ಒಲೆ ಹೊತ್ತಿಸಿ ಹತ್ತಕ್ಕೆ ರೊಟ್ಟಿ ಮುಗಿಸಿ, ಅವ್ವ ಎರಡು ಮನೆಯ ಮುಸುರಿ ತಿಕ್ಕಲು ಹೋಗುತ್ತಿದ್ದಳು. ಒಡೆದ ರೊಟ್ಟಿ, ಅಂಚು ಸುಟ್ಟ ರೊಟ್ಟಿ ನಮಗೆ. ಜೊತೆಗೆ ಗುರೆಳ್ಳು ಹಿಂಡಿ. ಎಷ್ಟೋ ದಿನ ಅವ್ವ ಬೇಕಂತಲೇ ನಾಲ್ಕು ರೊಟ್ಟಿ ಒಡೆಯುತ್ತಿದ್ದಳು ಅಂತ ಅಕ್ಕ ಈಗಲೂ ಹೇಳ್ತಾಳೆ. ಅವ್ವ ಒಪ್ಪೋದಿಲ್ಲ.

ಇಷ್ಟು ದುಡಿದರೂ ಸಾಲ ಒಂದು ರೂಪಾಯಿ ಕಮ್ಮಿಯಾಗುತ್ತಿರಲಿಲ್ಲ. ‘ಕಷ್ಟಪಟ್ಟರೆ ಫಲ ಇದ್ದೇ ಇದೆ’ ಅನ್ನೋ ಮಾತನ್ನು ನಾನು ನನ್ನ ಮಕ್ಕಳಿಗೆ, ಅಂದರೆ ವಿದ್ಯಾರ್ಥಿಗಳಿಗೆ, ಅಷ್ಟು ಸುಲಭವಾಗಿ ಹೇಳದಿರೋದು ಇದಕ್ಕೇ. ಎರಡು ವರ್ಷ ಅವ್ವ ಪಟ್ಟ ಕಷ್ಟದ ಫಲವೆಲ್ಲ ಬಡ್ಡಿಯ ಚೀಲಕ್ಕೆ ಹೋಯ್ತು. ದುಡಿಮೆ ಬೇಕೇ ಬೇಕು. ಆದರೆ ದುಡಿದದ್ದು ಕೈಯಲ್ಲಿ ನಿಲ್ಲೋ ವ್ಯವಸ್ಥೆಯೂ ಬೇಕು.

ಆ ವ್ಯವಸ್ಥೆ ನಮ್ಮ ಓಣಿಗೆ ಬಂದದ್ದು ಸ್ತ್ರೀಶಕ್ತಿ ಸಂಘದ ರೂಪದಲ್ಲಿ. ಕರ್ನಾಟಕ ಸರ್ಕಾರ ಆ ಯೋಜನೆಯನ್ನು 2000–01ರಲ್ಲಿ ಶುರು ಮಾಡಿತ್ತು. ಅದಕ್ಕೂ ಮೊದಲೇ, 1992ರಿಂದ, ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸೋ ಕೆಲಸ ಆರಂಭಿಸಿತ್ತು. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಬೇಕು, ವಾರ ವಾರ ಉಳಿತಾಯ ಕಟ್ಟಬೇಕು, ತಮ್ಮೊಳಗೇ ಸಾಲ ಕೊಟ್ಟು ತೀರಿಸಿ ಶಿಸ್ತು ತೋರಿಸಬೇಕು. ಆರೇಳು ತಿಂಗಳು ಹೀಗೆ ನಡೆದರೆ ಅಡವು ಇಲ್ಲದೆಯೇ ಬ್ಯಾಂಕು ಗುಂಪಿಗೆ ಸಾಲ ಕೊಡುತ್ತೆ. ನಮ್ಮ ಗದಗಿನವರಿಗೆ ಇದು ತೀರ ಹೊಸ ವಿಚಾರವೂ ಅಲ್ಲ. ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ್ದರು. ಬಡ್ಡಿಯ ಬಾಯಿಂದ ಪಾರಾಗೋ ದಾರಿಯನ್ನು ನೂರು ವರ್ಷದ ಹಿಂದೆಯೇ ನಮ್ಮ ನೆಲ ಕಂಡಿತ್ತು. ಹೆಂಗಸರ ಸರದಿ ಬರೋದು ತಡವಾಯ್ತು, ಅಷ್ಟೇ.

ಅಂಗನವಾಡಿ ಟೀಚರು ಹದಿನೈದು ಮಂದಿಯನ್ನು ಸೇರಿಸಿದರು. ವಾರಕ್ಕೆ ಹತ್ತು ರೂಪಾಯಿ. ಅವ್ವ ಮೊದಲು ಒಲ್ಲೆ ಅಂದಳು. “ಹತ್ತು ರೂಪಾಯಿ ಅಂದ್ರ ಒಂದ್ ಹೊತ್ತಿನ ಕಾಯಿಪಲ್ಲೆ ಆಕ್ಕೈತ್ರೀ ಟೀಚರ್” ಅಂದಳು. ಆಮೇಲೆ ಇನ್ನೊಂದು ಮನೆಯ ಮುಸುರಿ ಒಪ್ಪಿಕೊಂಡು ಸೇರಿದಳು. ಹದಿನೈದರಲ್ಲಿ ಹನ್ನೆರಡು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಬರುತ್ತಿದ್ದ ಮೂವರಿಗೆ ಲೆಕ್ಕ ಅಂದರೆ ಹೆದರಿಕೆ. ಹಾಗಾಗಿ ಒಂಬತ್ತನೇ ಕ್ಲಾಸಿನ ನಾನು ಸಂಘದ ಪುಸ್ತಕ ಬರೆಯೋಳಾದೆ. ಯಾರ ಉಳಿತಾಯ ಎಷ್ಟು, ಯಾರು ಎಷ್ಟು ಸಾಲ ತಗೊಂಡರು, ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಹಾಗೆ ಎಷ್ಟು ಬಂತು, ಎಲ್ಲ ಬರೆದು ಕೊನೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಸರಳ ಬಡ್ಡಿಯನ್ನು ನಾನು ಶಾಲೆಯಲ್ಲಿ ಕಲಿತೆ ಅನ್ನೋದಕ್ಕಿಂತ ಆ ಜಗಲಿಯ ಮೇಲೆ ಕಲಿತೆ ಅನ್ನೋದು ಸರಿ.

2002ರಲ್ಲಿ ಸಂಘಕ್ಕೆ ಬ್ಯಾಂಕಿನ ಮೊದಲ ಸಾಲ ಮಂಜೂರಾಯಿತು, 15,000 ರೂಪಾಯಿ. ಹದಿನೈದು ಮಂದಿಗೂ ಬೇಕಿತ್ತು. ಒಬ್ಬಳಿಗೆ ಎಮ್ಮೆ, ಒಬ್ಬಳಿಗೆ ಹೊಲಿಗೆ ಮಿಷನ್, ಒಬ್ಬಳಿಗೆ ಸೋರೋ ಮನೆಗೆ ತಗಡು. ಅವ್ವ ಕೇಳಿದ್ದು 10,000. ಗಲಾಟೆ ಆಯ್ತು. ಕೊನೆಗೆ ಬಟ್ಟೆ ಹೊಲಿಯೋ ಚಿಗವ್ವ ಎದ್ದು ನಿಂತು, “ಆಕಿ ಸಾಲ ಆಕೀನ ತಿನ್ನಾಕತೈತಿ. ನಮ್ ಎಮ್ಮಿ ಮುಂದಿನ ವರ್ಷ ಬಂದ್ರೂ ಹಾಲ ಕೊಡತೈತಿ. ಆಕಿಗೆ ಮೊದಲ ಕೊಡ್ರಿ” ಅಂದಳು. ಹದಿಮೂರು ಜನ ಕೈ ಎತ್ತಿದರು. ಸಾಧನೆಯ ಕಥೆಗಳಲ್ಲಿ ಈ ಚಿಗವ್ವನಂಥವರ ಹೆಸರು ಬರೋದಿಲ್ಲ. ಅವಳು ಆ ವರ್ಷ ಹೊಲಿಗೆ ಮಿಷನ್ ತಗೊಳ್ಳಲಿಲ್ಲ, ಬಾಡಿಗೆ ಮಿಷನ್ನಿನಲ್ಲೇ ಹೊಲಿದಳು.

ಆ ಹತ್ತು ಸಾವಿರ ನೇರ ಅಸಲಿಗೆ ಹೋಯ್ತು. ಬಡ್ಡಿ 1,500 ಇದ್ದದ್ದು 1,000ಕ್ಕೆ ಇಳಿಯಿತು. ಸಂಘಕ್ಕೆ ಕೊಡೋ ಬಡ್ಡಿ 200. ಅಂದರೆ ತಿಂಗಳಿಗೆ 300 ರೂಪಾಯಿ ಉಳಿಯಿತು. ನಿಮಗೆ ಸಣ್ಣದು ಅನಿಸಬಹುದು. ಆ ಮುನ್ನೂರರಿಂದ ಅಕ್ಕ ಪಿಯುಸಿ ಮುಗಿಸಿ ಮನೆಯಲ್ಲಿ ಕೂರಲಿಲ್ಲ, ಬಿ.ಕಾಂ.ಗೆ ಸೇರಿದಳು.

ಅಲ್ಲಿಂದ ಮುಂದೆಯೂ ದಾರಿ ನೇರವಿರಲಿಲ್ಲ. ಮದುವೆ, ಸೀಮಂತದ ಆರ್ಡರ್ ಬರತೊಡಗಿದವು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಬೇಡಿಕೆ ಬಂತು. ಸಂಘದ ನಾಲ್ಕು ಹೆಂಗಸರು ಅವ್ವನ ಜೊತೆ ರೊಟ್ಟಿ ಬಡಿಯಲು ಕೂತರು. ಪರ ಊರಿನ ಹೋಟೆಲಿನವರೊಬ್ಬರು ಮೂರು ತಿಂಗಳ ಬಿಲ್ಲು ಬಾಕಿ ಉಳಿಸಿ, ಫೋನ್ ಎತ್ತೋದನ್ನೇ ಬಿಟ್ಟರು. ಆ ಹೆಂಗಸರ ಕೂಲಿಯನ್ನು ಅವ್ವ ತನ್ನ ಕಿವಿಯ ಬೆಂಡೋಲೆ ಒತ್ತೆಯಿಟ್ಟು ಕೊಟ್ಟಳು. ಅವತ್ತಿನಿಂದ ಅವಳ ನೇಮ ಒಂದೇ: “ಅರ್ಧ ರೊಕ್ಕ ಮೊದಲ, ಆಮ್ಯಾಲ ಎಸರು.” 2005ರ ದೀಪಾವಳಿಗೆ ಬಡ್ಡಿ ವ್ಯಾಪಾರಿಯ ಸಾಲ ಪೂರ್ತಿ ತೀರಿತು. ಪತ್ರ ವಾಪಸ್ ತಗೊಳ್ಳುವಾಗ ಅವರು ಹೆಬ್ಬೆಟ್ಟಿನ ಶಾಯಿ ಮುಂದಿಟ್ಟರು. ಅವ್ವ ಅದನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕೇಳಿ, ಸಂಘದಲ್ಲಿ ಕಲಿತ ಐದು ಅಕ್ಷರದ ಸಹಿಯನ್ನು ನಿಧಾನಕ್ಕೆ ಬರೆದಳು.

ದೊಡ್ಡ ಹೆಸರುಗಳ ಕಥೆಯಲ್ಲೂ ನಾನು ಇದನ್ನೇ ಹುಡುಕುತ್ತೇನೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ, ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಎಲ್ಲರೂ ಸಂಭ್ರಮಿಸಿದೆವು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಅವರು ಅಷ್ಟು ವರ್ಷ ಕಚೇರಿ ಕಚೇರಿ ಅಲೆದದ್ದು. ಲಿಜ್ಜತ್ ಪಾಪಡ್ ಕಥೆಯೂ ಅಷ್ಟೆ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಏಳು ಜನ ಅನ್ನೋದನ್ನು ಗಮನಿಸಿ. ಒಬ್ಬರ ಛಲದಿಂದ ಆದದ್ದಲ್ಲ ಅದು.

ಲಾಕ್‌ಡೌನ್ ಬಂದಾಗ ನಮ್ಮಲ್ಲಿ ಮದುವೆ ಸೀಜನ್ನಿಗೆಂದು ಮಾಡಿಟ್ಟ ಮೂರು ಸಾವಿರ ಕಡಕ್ ರೊಟ್ಟಿ ಇದ್ದವು. ಆರ್ಡರೆಲ್ಲ ರದ್ದು. ಮುಂಗಡ ಕೊಟ್ಟವರಿಗೆ ವಾಪಸ್ ಕೊಡಬೇಕು. ಅವ್ವ ಎರಡು ದಿನ ಸುಮ್ಮನೆ ಕೂತಳು. ಮೂರನೇ ದಿನ, ಕೆಲಸವಿಲ್ಲದೆ ಕೂತ ಓಣಿಯ ಮನೆಗಳಿಗೆ ಐವತ್ತೈವತ್ತು ರೊಟ್ಟಿ ಹಂಚಿದಳು. “ಇದ್ದಾಗ ಕೊಡ್ರಿ” ಅಂದಳು. ನಾನೇ ಬರೆದಿಟ್ಟೆ. ವರ್ಷ ತುಂಬೋದರೊಳಗೆ ಎರಡು ಮನೆ ಬಿಟ್ಟು ಎಲ್ಲರೂ ಕೊಟ್ಟರು. ಆ ಎರಡು ಮನೆಯ ಲೆಕ್ಕವನ್ನು ಅವ್ವ ತಾನೇ ಪೆನ್ನು ತಗೊಂಡು ಹೊಡೆದುಹಾಕಿದಳು.

ಇವತ್ತು ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂಬತ್ತು ಹೆಂಗಸರು ಕೆಲಸ ಮಾಡ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದ ಮೇಲಂತೂ ಬೆಂಗಳೂರಿನಿಂದ ಕೇಳೋರು ಹೆಚ್ಚಾದರು. ಅಕ್ಕ ಜಿ.ಎಸ್.ಟಿ. ಲೆಕ್ಕ ನೋಡ್ತಾಳೆ, ತಮ್ಮ ಐ.ಟಿ.ಐ. ಮುಗಿಸಿ ಕೆಲಸದಲ್ಲಿದ್ದಾನೆ. ಇದನ್ನು ಯಶಸ್ಸು ಅಂತ ಕರೆಯೋದಾದರೆ ಅದರ ಬೆಲೆಯನ್ನೂ ಹೇಳಬೇಕು. ಅವ್ವನ ಬಲ ತೋಳು ಈಗ ತಲೆ ಮೇಲಕ್ಕೆ ಏಳೋದಿಲ್ಲ. ಹೊಗೆಯಿಂದ ಹತ್ತಿದ ಕೆಮ್ಮು, ಗ್ಯಾಸ್ ಒಲೆ ಬಂದು ಎಷ್ಟೋ ವರ್ಷವಾದರೂ ಬಿಟ್ಟಿಲ್ಲ. ರೊಟ್ಟಿ ಮಾಡೋ ಮಿಷನ್ ತರೋಣ ಅಂತ ತಮ್ಮ ಹೇಳಿದ. ಅವ್ವ ಹಿಟ್ಟು ನಾದೋ ಮಿಷನ್ನಿಗೆ ಮಾತ್ರ ಒಪ್ಪಿದಳು. “ತೋಳು ಉಳೀಲಿ, ಕೂಲೀನೂ ಉಳೀಲಿ” ಅಂದಳು. ಬಡಿಯೋದು ಕೈಯಲ್ಲೇ ಉಳಿಯಿತು, ಒಂಬತ್ತು ಮಂದಿಯ ಕೆಲಸವೂ ಉಳಿಯಿತು.

ಹೋದ ವರ್ಷ ಸೇರಿದ ಹೆಂಗಸೊಬ್ಬಳ ಮಗಳು ಈಗ ಒಂಬತ್ತನೇ ಕ್ಲಾಸು. ಭಾನುವಾರ ತಾಯಿಯ ಜೊತೆ ಬಂದು ಮೂಲೆಯಲ್ಲಿ ಕೂರುತ್ತಾಳೆ. ತಿಂಗಳ ಹಿಂದೆ ಅವ್ವ ನನ್ನ ಕೈಯಿಂದ ಸಂಘದ ಪುಸ್ತಕ ತಗೊಂಡು ಅವಳ ಮುಂದಿಟ್ಟಳು. “ನಿನಗ ಸಾಲ್ಯಾಗ ಬೇಕಾದಷ್ಟ ಕೆಲಸ ಐತಿ. ಇನ್ನ ಈಕಿ ಬರೀಲಿ” ಅಂದಳು. ಹುಡುಗಿ ಮೊದಲ ವಾರ ಹದಿನೆಂಟು ರೂಪಾಯಿ ತಪ್ಪು ಕೂಡಿಸಿದಳು. ಹೆಂಗಸರೆಲ್ಲ ಸೇರಿ ಬೆರಳು ಮಡಚಿ ಎಣಿಸಿ, ತಪ್ಪು ಹಿಡಿದು, ನಗುತ್ತಾ ತಿದ್ದಿಸಿದರು.