ಉಳಿದ ಮಾತ್ರೆ

ಗೃಹಸ್ಥರಾದವರಿಗೆ ಮಿತವ್ಯಯವು ಸದ್ಗುಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ನಾವು ಎಂದೂ ಅಲ್ಲಗಳೆದವರಲ್ಲ. ಹಳೆಯ ಪಂಚೆಯು ಒರಸುಬಟ್ಟೆಯಾಗುವುದೂ, ರಾತ್ರಿ ಮಿಕ್ಕ ಅನ್ನವು ಬೆಳಗ್ಗೆ ಚಿತ್ರಾನ್ನವಾಗುವುದೂ ನಮ್ಮ ಮನೆಯ ಪದ್ಧತಿ. ಆದರೆ ಇದೇ ಗುಣವು ಔಷಧದ ಡಬ್ಬಿಯನ್ನು ಹೊಕ್ಕರೆ ಏನಾಗುವುದೆಂಬುದನ್ನು ನಾವು ತಡವಾಗಿ ಕಲಿತೆವು. ಕಲಿಸಿದವನು ಕರಿಯ.

ಕರಿಯನು ನಮ್ಮ ಮನೆಯ ನಾಯಿ. ದೊಡ್ಡ ಕುಲದವನೇನೂ ಅಲ್ಲ. ಒಂದು ಮಳೆಗಾಲದ ಸಂಜೆ ನಮ್ಮ ಜಗಲಿಯ ಮೇಲೆ ನಡುಗುತ್ತ ನಿಂತಿದ್ದನು. ಮರುದಿನ ಅವನು ಹೋಗಲಿಲ್ಲ, ನಾವೂ ಹೋಗೆನ್ನಲಿಲ್ಲ. ನಮ್ಮ ತಾಯಿಯವರು ಮೊದಮೊದಲು ಅವನನ್ನು ಹೊಸ್ತಿಲಿನ ಆಚೆಗೇ ಇಟ್ಟಿದ್ದರು. ವರ್ಷ ತುಂಬುವುದರೊಳಗೆ ಅವರ ಮಂಚದ ಬಳಿಯೇ ಅವನ ಹಾಸಿಗೆಯಾಯಿತು. ಅವರ ಕೈಯಲ್ಲಿನ ಮೊಸರನ್ನವನ್ನು ನೆಕ್ಕಿದಲ್ಲದೆ ಅವನಿಗೆ ನಿದ್ದೆ ಬಾರದು.

ಕಳೆದ ವರ್ಷ ಕರಿಯನ ಹೊಟ್ಟೆಯ ಮೇಲೆ ಕೀವುಗುಳ್ಳೆಗಳೆದ್ದವು. ನಮ್ಮ ಹಲ್ಲಿನ ಬಾವಿಗೆಂದು ತಂದಿದ್ದ ಆಂಟಿಬಯೋಟಿಕ್ ಮಾತ್ರೆಗಳು ಡಬ್ಬಿಯಲ್ಲಿ ಮಿಕ್ಕಿದ್ದವು. ಪಶುವೈದ್ಯರಿಗೆ ವೃಥಾ ಹಣ ತೆರುವುದೇಕೆಂದು ಅವನ್ನು ಅನ್ನದ ಉಂಡೆಯಲ್ಲಿ ಅಡಗಿಸಿ ಮೂರು ದಿನ ಕೊಟ್ಟೆವು. ಗುಳ್ಳೆಗಳು ಬಾಡಿದವು. ನಮ್ಮ ಜಾಣತನವನ್ನು ನಾವೇ ಮೆಚ್ಚಿಕೊಂಡೆವು. ತಿಂಗಳಲ್ಲಿ ಅವು ಮರಳಿ ಎದ್ದವು. ಡಬ್ಬಿಯಲ್ಲಿ ಮಕ್ಕಳ ಜ್ವರದ ಕಾಲದ ಬೇರೊಂದು ಔಷಧವಿತ್ತು, ಅದನ್ನೂ ಕೊಟ್ಟು ಮುಗಿಸಿದೆವು. ಮೂರನೆಯ ಸಲ ಹುಣ್ಣು ತೊಡೆಯವರೆಗೂ ಹಬ್ಬಿದಾಗ ಪಶುವೈದ್ಯರ ಬಾಗಿಲಿಗೆ ಹೋಗದೆ ಗತ್ಯಂತರವಿರಲಿಲ್ಲ.

ಅವರು ಹತ್ತಿ ಸುತ್ತಿದ ಕಡ್ಡಿಯಿಂದ ಕೀವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆಲವು ದಿನಗಳ ಮೇಲೆ ಬಂದ ಕಾಗದದಲ್ಲಿ ಔಷಧಗಳ ಹೆಸರುಗಳಿದ್ದವು. ಬಹುಪಾಲು ಹೆಸರುಗಳ ಮುಂದೆ ‘ಆರ್’ ಎಂಬ ಒಂದೇ ಅಕ್ಷರ.

“ಇವೊಂದೂ ಈ ಕ್ರಿಮಿಗೆ ನಾಟುವುದಿಲ್ಲ, ಸ್ವಾಮಿ. ಇದಕ್ಕೆ ಮುಂಚೆ ಏನು ಕೊಟ್ಟಿದ್ದಿರಿ?” ಎಂದು ಅವರು ಕೇಳಿದರು. ನಾವು ತಲೆ ತಗ್ಗಿಸಿದೆವು.

ಸ್ಟೆಫೈಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬುದು ಆ ಕ್ರಿಮಿಯ ಹೆಸರು. ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಅದು ವಾಸಿಸುತ್ತದೆ. ಔಷಧವು ಅಂತಹ ಕ್ರಿಮಿಗಳಿಗೆ ಹೊಸ ವಿದ್ಯೆಯನ್ನು ಕಲಿಸುವುದೆಂದಲ್ಲ. ದುರ್ಬಲವಾದವುಗಳನ್ನು ಕೊಂದು, ಎದುರಿಸಬಲ್ಲ ಕೆಲವಕ್ಕೆ ಜಾಗವನ್ನು ತೆರವು ಮಾಡಿಕೊಡುತ್ತದೆ. ಬೆಳೆಯನ್ನು ಕಿತ್ತು ಕಳೆಯನ್ನು ಉಳಿಸಿದಂತೆ. ಅಷ್ಟೇ ಅಲ್ಲ, ಈ ಎದುರಿಸುವ ಶಕ್ತಿಯ ಜೀನುಗಳನ್ನು ಒಂದು ಕ್ರಿಮಿಯು ನೆರೆಯ ಕ್ರಿಮಿಗೆ ದಾನ ಮಾಡಲೂಬಲ್ಲುದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗಲೇ, ತಿಳಿಯದವರು ಸಾಲದಷ್ಟು ಪ್ರಮಾಣದಲ್ಲಿ ಔಷಧ ಸೇವಿಸಿ ಕ್ರಿಮಿಗಳನ್ನು ಬಲಪಡಿಸಿಯಾರೆಂದು ಎಚ್ಚರಿಸಿದ್ದರು. ಆ ತಿಳಿಯದವರಲ್ಲಿ ನಾವೂ ಒಬ್ಬರಾದೆವು. 2019ನೆಯ ಒಂದೇ ವರ್ಷದಲ್ಲಿ ಇಂತಹ ಕ್ರಿಮಿಗಳ ದೆಸೆಯಿಂದ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಸತ್ತರೆಂದು ವಿದ್ವಾಂಸರ ಅಂದಾಜು.

ನಮಗೆ ದಿಗಿಲು ಹುಟ್ಟಿದುದು ಇಷ್ಟರಿಂದಲೇ ಅಲ್ಲ. ನಮ್ಮ ತಾಯಿಯವರ ಮಂಡಿಯ ಶಸ್ತ್ರಚಿಕಿತ್ಸೆಗೆ ಆಗ ಎರಡು ತಿಂಗಳು ಮಾತ್ರ ಉಳಿದಿತ್ತು. ಆ ಗಾಯಕ್ಕೆ ಇಂತಹ ಕ್ರಿಮಿ ಹೊಕ್ಕರೆ ಗತಿಯೇನು? ನಾಯಿಯನ್ನು ಕೂಡಲೆ ಹಳ್ಳಿಗೆ ಸಾಗಿಸಿಬಿಡಬೇಕೆಂದು ನಮ್ಮ ಅಣ್ಣನವರು ಹಟ ಹಿಡಿದರು. ಒಳಗಿನಿಂದ ತಾಯಿಯವರ ಧ್ವನಿ ಕೇಳಿಸಿತು: “ಧರ್ಮರಾಯ ಸ್ವರ್ಗದ ಬಾಗಿಲಲ್ಲೂ ನಾಯಿಯನ್ನು ಬಿಡಲಿಲ್ಲವಂತೆ. ನಾನು ಒಂದು ಮಂಡಿಗೋಸ್ಕರ ಬಿಡಲೇನಪ್ಪಾ?”

ಶಸ್ತ್ರವೈದ್ಯರಿಗೆ ಯಾವುದನ್ನೂ ಮುಚ್ಚಿಡದೆ ಹೇಳಿದೆವು. ಅವರು ನಗಲಿಲ್ಲ, ಗದರಿಸಲೂ ಇಲ್ಲ. ನಾಯಿಯ ಈ ಕ್ರಿಮಿಯು ಮನುಷ್ಯರಿಗೆ ಅಪರೂಪವಾಗಿ ರೋಗ ತರುತ್ತದೆಯಾದರೂ ತೆರೆದ ಗಾಯವಿರುವವರು ಎಚ್ಚರದಿಂದಿರಬೇಕೆಂದರು. ದೋಷವೆಲ್ಲ ನಾಯಿಯದೆಂದು ತಿಳಿಯಬಾರದೆಂದೂ ಹೇಳಿದರು. ಮೆಥಿಸಿಲಿನ್ನಿಗೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಕ್ರಿಮಿಯು 1961ರಲ್ಲಿ ಬ್ರಿಟನ್ನಿನಲ್ಲಿ ಮನುಷ್ಯರಲ್ಲಿ ಕಂಡುಬಂದದ್ದು. ಅದು ನಾಯಿಯಲ್ಲಿ ತೋರಿದರೆ ಬಹುಮಟ್ಟಿಗೆ ಮನುಷ್ಯರೇ ಅದಕ್ಕೆ ಅಂಟಿಸಿದ್ದು. 2018ರಿಂದ 2020ರವರೆಗೆ ಪೋರ್ತುಗಲ್ ಮತ್ತು ಬ್ರಿಟನ್ ದೇಶಗಳಲ್ಲಿ ಸಾಕುಪ್ರಾಣಿಗಳ ಮತ್ತು ಅವುಗಳ ಯಜಮಾನರ ಮಲವನ್ನು ಪರೀಕ್ಷಿಸಿದಾಗ, ಕೆಲವು ಮನೆಗಳಲ್ಲಿ ಇಬ್ಬರಲ್ಲಿಯೂ ಒಂದೇ ಬಗೆಯ ಪ್ರತಿರೋಧದ ಜೀನುಗಳು ದೊರೆತವು. ಎಲ್ಲರೂ ಆರೋಗ್ಯವಂತರೇ. ಒಂದೇ ಸೂರಿನ ಕೆಳಗೆ ಬಾಳುವವರು ಅನ್ನವನ್ನಷ್ಟೇ ಹಂಚಿಕೊಳ್ಳುವುದಿಲ್ಲವೆಂದಾಯಿತು.

ವೈದ್ಯರು ಕೊಟ್ಟ ಕಟ್ಟಳೆಗಳು ಸರಳವಾದವು. ನಾಯಿಯನ್ನು ಮುಟ್ಟಿದ ಮೇಲೆ, ಅದರ ಹೇಲನ್ನು ಎತ್ತಿದ ಮೇಲೆ, ಊಟಕ್ಕೆ ಮುಂಚೆ, ಸೋಪು ಹಚ್ಚಿ ಕೈ ತೊಳೆಯುವುದು. ಮುಖವನ್ನಾಗಲಿ ಗಾಯವನ್ನಾಗಲಿ ನೆಕ್ಕಗೊಡದಿರುವುದು. ಅದರ ತಟ್ಟೆ, ಹಾಸಿಗೆಗಳನ್ನು ಬೇರೆಯಾಗಿ ತೊಳೆಯುವುದು. ಕರಿಯನ ಹುಣ್ಣು ಮಾಯುವ ತನಕ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು.

ಪಶುವೈದ್ಯರು ಹೊಸ ಮಾತ್ರೆಗಳನ್ನು ಕೊಡದೆ, ಕ್ಲೋರ್‌ಹೆಕ್ಸಿಡಿನ್ ಬೆರೆತ ಶಾಂಪೂವಿನಿಂದ ಮೀಯಿಸಲು ಹೇಳಿದರು. ನೊರೆಯನ್ನು ಹತ್ತು ನಿಮಿಷ ಮೈಮೇಲೆ ನಿಲ್ಲಿಸಬೇಕು. ಆ ಹತ್ತು ನಿಮಿಷ ಕರಿಯನನ್ನು ಹಿಡಿದು ನಿಲ್ಲಿಸುವುದೇ ನಮಗೆ ಪ್ರಾಯಶ್ಚಿತ್ತವಾಯಿತು. ವಾರಗಳು ಹಿಡಿದರೂ ಚರ್ಮವು ತಿಳಿಯಾಯಿತು. ತಾಯಿಯವರ ಮಂಡಿಯೂ ಸರಿಹೋಯಿತು. ಹೊಲಿಗೆ ಮಾಯುವವರೆಗೆ ಅವನು ಜಗಲಿಯಲ್ಲಿ, ಅವರು ಒಳಗೆ. ಕಿಟಕಿಯ ಮೂಲಕವೇ ಇಬ್ಬರ ಸಂಭಾಷಣೆ.

ನಮ್ಮ ಸರ್ಕಾರವು 2014ರ ಮಾರ್ಚಿ ತಿಂಗಳಿನಿಂದ ಹಲವು ಪ್ರಬಲವಾದ ಆಂಟಿಬಯೋಟಿಕ್‌ಗಳನ್ನು ಎಚ್1 ಎಂಬ ಪಟ್ಟಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದೂ, ರೋಗಿಯ ಹೆಸರನ್ನು ಬರೆದಿಡಬೇಕೆಂದೂ ಅಂಗಡಿಯವರಿಗೆ ವಿಧಿಸಿದೆ. ಮನೆಯ ಡಬ್ಬಿಗೆ ಮಾತ್ರ ಮನೆಯವರೇ ಕಾನೂನು. ವೈದ್ಯರು ಹೇಳಿದ ಔಷಧವನ್ನು, ಹೇಳಿದವರಿಗೆ, ಹೇಳಿದಷ್ಟು ದಿನ. ಮಿಕ್ಕುದನ್ನು ಮತ್ತೊಬ್ಬರಿಗಲ್ಲ, ನಾಯಿಗೂ ಅಲ್ಲ. ನಮ್ಮ ಮನೆಯಲ್ಲಿ ಚಿತ್ರಾನ್ನವು ಈಗಲೂ ನಡೆಯುತ್ತದೆ. ಮಾತ್ರೆಯ ಡಬ್ಬಿ ಬರಿದಾಗಿದೆ.

ಕರಿಯನಿಗೆ ಸೋಪಿನ ವಾಸನೆ ಹಿಡಿಸದು. ತಾಯಿಯವರು ತೊಳೆದ ಕೈಯನ್ನು ನೀಡಿದರೆ ಮೂಸಿ, ಮುಖ ತಿರುಗಿಸಿ, ಮುನಿಸಿಕೊಂಡು ಮಲಗುತ್ತಾನೆ. ಅಷ್ಟು ಮುನಿಸನ್ನು ನಾವು ಸಹಿಸಿಕೊಳ್ಳಬಲ್ಲೆವು.