ಕಲ್ಲು ಏನಂತು?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಿಮ್ಮ ಅಜ್ಜಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಗಮನಿಸಿದ್ದೀರಾ? 'ಟಣ್' ಎಂದರೆ ಕೊಳ್ಳುತ್ತಾರೆ. 'ದಬ್' ಎಂದರೆ ಹಾಗೇ ಕೆಳಗಿಡುತ್ತಾರೆ. ನಮ್ಮಪ್ಪ ಕಲ್ಲನ್ನು ಹೀಗೆ ಪರೀಕ್ಷಿಸುತ್ತಿದ್ದರು. ಅವರು ಕನಕಪುರದ ಕಡೆ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದರು. ಬಂಡೆಯಿಂದ ಸೀಳಿದ ಆರಡಿ ಉದ್ದದ ಚಪ್ಪಡಿಯನ್ನು ಎರಡು ತುಂಡುಕಲ್ಲುಗಳ ಮೇಲೆ ಇಟ್ಟು, ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಹಾಕಿ, ತಲೆ ಓರೆ ಮಾಡಿ ಕೇಳುತ್ತಿದ್ದರು.

ಪೆಟ್ಟು ಬಿದ್ದೊಡನೆ ಕಲ್ಲಿನೊಳಗೆ ಅಲೆಗಳು ಹೊರಡುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗಟ್ಟಿ ಗ್ರಾನೈಟಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು! ಅಲೆಗಳು ಚಪ್ಪಡಿಯ ತುದಿ ಮುಟ್ಟಿ ಹಿಂದಿರುಗುತ್ತವೆ, ಎದುರು ಬರುವ ಅಲೆಗಳೊಡನೆ ಸೇರುತ್ತವೆ. ಆ ಕಲ್ಲಿನ ಉದ್ದ, ದಪ್ಪಗಳಿಗೆ ಹೊಂದುವ ಕೆಲವು ಕಂಪನಗಳು ಮಾತ್ರ ಉಳಿದು, ಬೇರೆಯವು ಅಡಗುತ್ತವೆ. ಉಳಿದವೇ ಅದರ ಸಹಜ ಆವೃತ್ತಿಗಳು. ಕಲ್ಲಿನಲ್ಲಿ ಬಿರುಕಿದ್ದರೆ ಅಲೆಗೆ ಅಲ್ಲೇ ತಡೆ. ಬಿರುಕಿನ ಎರಡು ಮೈಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿ ಶಾಖವಾಗಿ ಹೋಗುತ್ತದೆ. ನಾದ ಹುಟ್ಟುವ ಮೊದಲೇ ಸಾಯುತ್ತದೆ.

ತುಂಡುಕಲ್ಲು ಏಕೆ ಎನ್ನುವಿರಾ? ಸ್ಟೀಲ್ ಲೋಟವೊಂದನ್ನು ದಾರದಲ್ಲಿ ತೂಗುಬಿಟ್ಟು ಚಮಚದಿಂದ ತಟ್ಟಿ. ಆಮೇಲೆ ಅದನ್ನೇ ಅಂಗೈಯಲ್ಲಿ ಬಿಗಿಯಾಗಿ ಹಿಡಿದು ತಟ್ಟಿ. ಮಣ್ಣಿನ ಮೇಲೆ ಮಲಗಿದ ಚಪ್ಪಡಿಯದೂ ಇದೇ ಪಾಡು.

ಹಂಪಿಯ ವಿಠ್ಠಲ ದೇವಾಲಯದ ನಾದ ಹೊಮ್ಮಿಸುವ ಕಂಬಗಳ ಬಗ್ಗೆ ನೀವು ಕೇಳಿರುತ್ತೀರಿ. ಅವು ಒಳಗೆ ಟೊಳ್ಳು ಎಂದು ಹಲವರು ನಂಬಿದ್ದರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅವನ್ನು ಉಪಕರಣಗಳಿಂದ ಪರೀಕ್ಷಿಸಿದಾಗ ಅವು ಪೂರ್ತಿ ಗಟ್ಟಿ ಕಲ್ಲು ಎಂದು ತಿಳಿಯಿತು. ಮೆಲ್ಲನೆ ತಟ್ಟಿ ಅಲೆ ಹೇಗೆ ಮರಳುತ್ತದೆ ಎಂದು ನೋಡುವುದೂ ಆ ಪರೀಕ್ಷೆಗಳಲ್ಲಿ ಒಂದು. ಅಪ್ಪನ ವಿದ್ಯೆಯೇ ಅಲ್ಲವೇ! (ಕಂಬಗಳನ್ನು ಈಗ ಯಾರೂ ತಟ್ಟುವಂತಿಲ್ಲ.)

ನಾನು ಐದನೇ ತರಗತಿಯಲ್ಲಿದ್ದಾಗ ರಜೆಯಲ್ಲಿ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ. ಆಗ ಅಪ್ಪ ಪೆಟ್ಟು ಹಾಕಿ ನನ್ನನ್ನೇ ಕೇಳುತ್ತಿದ್ದರು: "ಏನಂತು ಮಗ? ಟಣ್ ಅಂತಾ, ದಬ್ ಅಂತಾ?" ನನಗೆ ಕಲಿಸುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಮರದ ಮೇಲಿನ ಗಿಳಿಗಳನ್ನು ನೋಡುತ್ತಾ, ಸರಿಯಾಗಿ ಕೇಳಿಸಿಕೊಳ್ಳದೆ "ಟಣ್ ಅಂತಪ್ಪ" ಎಂದುಬಿಟ್ಟೆ. ಲಾರಿಗೆ ಎತ್ತುವಾಗ ಚಪ್ಪಡಿ ನಡುವೆ ಎರಡಾಯಿತು. ಒಂದು ಭಾಗ ಅಪ್ಪನ ಪಾದದಿಂದ ಗೇಣು ದೂರದಲ್ಲಿ ಬಿತ್ತು.

ಅಪ್ಪ ಬೈಯಲಿಲ್ಲ. "ನಂಗೆ ಕೇಳಾಕಿಲ್ಲ ಕಣ್ ಮಗ," ಎಂದರು.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ನಾಳವಿದೆ. ಅದರೊಳಗೆ ಸೂಕ್ಷ್ಮವಾದ ಕೂದಲು ಕೋಶಗಳು ಸಾಲಾಗಿವೆ. ಸುರುಳಿಯ ಒಂದೊಂದು ಜಾಗ ಒಂದೊಂದು ಆವೃತ್ತಿಗೆ ಸ್ಪಂದಿಸುತ್ತದೆ. ಭಾರಿ ಶಬ್ದ ವರ್ಷಗಟ್ಟಲೆ ಬಡಿದರೆ ಸಾಮಾನ್ಯವಾಗಿ ಮೊದಲು ಹಾಳಾಗುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಿಗೆ ಸ್ಪಂದಿಸುವ ಕೋಶಗಳು. ಸತ್ತ ಕೋಶ ಮತ್ತೆ ಹುಟ್ಟದು. ಅಪ್ಪನಿಗೆ ಪೆಟ್ಟಿನ ಸದ್ದು ಕೇಳುತ್ತಿತ್ತು, ಅದರ ಹಿಂದಿನ ಸಣ್ಣ ಝೇಂಕಾರ ಕೇಳುತ್ತಿರಲಿಲ್ಲ. ಕಿವಿಗೆ ಹಾಕುವ ಬಿರಡೆಯನ್ನು ನಾವು ಆಗ ಕಂಡೇ ಇರಲಿಲ್ಲ.

ಮರುದಿನದಿಂದ ಪೆಟ್ಟು ಹಾಕುವ ಕೆಲಸ ನನ್ನದಾಯಿತು. ಅಪ್ಪ ಚಪ್ಪಡಿಯ ಇನ್ನೊಂದು ತುದಿಗೆ ಅಂಗೈ ತಾಕಿಸಿ ಕೂರುತ್ತಿದ್ದರು. ಉದ್ದ ಕಲ್ಲಿನ ತಗ್ಗಿನ ಕಂಪನ ಕೈಗೆ ತಿಳಿಯುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಎಷ್ಟೋ ಸಲ ಅವರು ತಲೆಯಾಡಿಸಿರುತ್ತಿದ್ದರು.