ಮೋರ್ಸ್ ಪರೀಕ್ಷೆ ಹ್ಯಾಮ್‌ಗಳಿಗೆ ಅಡ್ಡಿಯೇ?

ಹ್ಯಾಮ್ ರೇಡಿಯೋ ಬಗ್ಗೆ ನೀವು ಕೇಳಿರಬಹುದು. ಹಣ ಸಂಪಾದನೆಗಲ್ಲದೆ ಕಲಿಕೆಗಾಗಿ, ಸರಕಾರದ ಪರವಾನಗಿ ಪಡೆದು, ಮನೆಯಲ್ಲೇ ಪುಟ್ಟ ನಿಲಯ ಇಟ್ಟುಕೊಂಡು ದೂರದ ಊರು, ದೇಶಗಳವರೊಡನೆ ನಿಸ್ತಂತು ಸಂಪರ್ಕ ಮಾಡುವ ಹವ್ಯಾಸವಿದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಮಕ್ಕಳಿಗೂ ಇದರ ಪರೀಕ್ಷೆಯ ಬಾಗಿಲು ತೆರೆದಿತ್ತು. ಅಂದರೆ ನಿಮ್ಮ ಶಾಲೆಯ ಏಳನೇ ತರಗತಿಯವರ ವಯಸ್ಸು!

ನಾನು ಪರೀಕ್ಷೆ ಬರೆದ ಇಪ್ಪತ್ತು ವರ್ಷಗಳ ಹಿಂದೆ ಅದರಲ್ಲಿ ಎರಡು ಭಾಗಗಳಿದ್ದವು. ಒಂದು, ವಿದ್ಯುತ್, ರೇಡಿಯೋ ಮತ್ತು ನಿಯಮಗಳ ಬಗೆಗಿನ ಪ್ರಶ್ನೆಪತ್ರಿಕೆ. ಇನ್ನೊಂದು, ಮೋರ್ಸ್ ಸಂಕೇತವನ್ನು ಕಿವಿಯಿಂದ ಕೇಳಿ ಬರೆಯುವುದು ಮತ್ತು ಕೀಲಿ ಒತ್ತಿ ಕಳುಹಿಸುವುದು. ಈ ಎರಡನೆಯ ಭಾಗ ಅನೇಕ ಆಸಕ್ತರನ್ನು ಹಿಂದಕ್ಕೆ ತಳ್ಳಿತೇ? ಈ ಪ್ರಶ್ನೆಯನ್ನು ನಮ್ಮ ಕಾಫಿ ಬೆಟ್ಟಗಳ ನಡುವೆ ನಿಂತು ನೋಡೋಣ.

ಮೋರ್ಸ್ ಸಂಕೇತದಲ್ಲಿ ಪ್ರತಿ ಅಕ್ಷರವೂ ಚುಕ್ಕೆ ಮತ್ತು ಗೆರೆಗಳ ಒಂದು ಜೋಡಣೆ. ಗೆರೆಯ ಕಾಲ ಚುಕ್ಕೆಯ ಮೂರರಷ್ಟು. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿಯ ಮೂಲಕ ಸಂದೇಶ ಕಳುಹಿಸಿದರು. ಮುಂದೆ ರೇಡಿಯೋ ಬಂದಾಗ ಹಡಗುಗಳೂ ಈ ಬಗೆಯ ಸಂಕೇತವನ್ನೇ ಬಳಸಿದವು. ಮುಳುಗುತ್ತಿರುವ ಹಡಗಿನ ಕರೆ ಹವ್ಯಾಸಿಗೂ ಅರ್ಥವಾಗಬೇಕು, 'ದಾರಿ ಬಿಡಿ' ಎಂದರೆ ಆತ ಪಕ್ಕಕ್ಕೆ ಸರಿಯಬೇಕು. ಹೀಗೆ ಮೋರ್ಸ್ ಪರೀಕ್ಷೆ ಅಂತಾರಾಷ್ಟ್ರೀಯ ನಿಯಮವಾಯಿತು. ಆ ಕಾಲಕ್ಕೆ ಅದು ಸರಿಯಾದ ನಿಯಮವೇ.

ಈಗ ನಮ್ಮ ಊರುಗಳಿಗೆ ಬನ್ನಿ. ಮೂಡಿಗೆರೆಯಿಂದ ಕಳಸದವರೆಗೆ ಒಂದು ಗುಡ್ಡ ಇಳಿದರೆ ಇನ್ನೊಂದು ಗುಡ್ಡ. ರೇಡಿಯೋ ತರಂಗಗಳು ಇಲ್ಲಿ ಹೇಗೆ ಸಾಗುತ್ತವೆ? ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್‌ನ ತರಂಗ, ಉದಾಹರಣೆಗೆ 145 ಮೆಗಾಹರ್ಟ್ಸ್‌ನದು, ಹೆಚ್ಚುಕಡಿಮೆ ಟಾರ್ಚ್ ಬೆಳಕಿನಂತೆ ನೇರ ಹೋಗುತ್ತದೆ. ಎದುರಿಗೆ ಗುಡ್ಡ ಬಂದರೆ ಮುಗಿಯಿತು! ಆದರೆ 7 ಮೆಗಾಹರ್ಟ್ಸ್‌ನ ಹ್ರಸ್ವತರಂಗವನ್ನು ಮೇಲ್ಮುಖವಾಗಿ ಕಳುಹಿಸಿದರೆ, ಹಗಲಿನ ಅನುಕೂಲ ಸಮಯದಲ್ಲಿ ಅದು 200-300 ಕಿಲೋಮೀಟರ್ ಎತ್ತರದ ಅಯಾನುಗೋಳದಿಂದ ಹಿಂದಿರುಗಿ ಗುಡ್ಡದ ಆಚೆ ಇಳಿಯುತ್ತದೆ. ಇದಕ್ಕೆ ಬೇಕಾದ ಏರಿಯಲ್ ಸುಮಾರು 20 ಮೀಟರ್ ಉದ್ದದ ತಂತಿ. ತೋಟದ ಎರಡು ಸಿಲ್ವರ್ ಮರಗಳ ನಡುವೆ ಕಟ್ಟಿದರಾಯಿತು.

ತೊಡಕು ಇದ್ದದ್ದು ನಿಯಮದಲ್ಲಿ. ಆಗ ಮೋರ್ಸ್ ಇಲ್ಲದೆ ದೊರೆಯುತ್ತಿದ್ದ ನಿರ್ಬಂಧಿತ ದರ್ಜೆಯ ಪರವಾನಗಿಯಲ್ಲಿ ವಿಎಚ್‌ಎಫ್‌ನಲ್ಲಿ ಮಾತ್ರ ಮಾತನಾಡಬಹುದಿತ್ತು. ಹ್ರಸ್ವತರಂಗ ಬೇಕೆಂದರೆ ಎರಡನೇ ದರ್ಜೆ. ಅದಕ್ಕೆ ನಿಮಿಷಕ್ಕೆ 5 ಪದಗಳ ವೇಗದ ಮೋರ್ಸ್. ಮೊದಲ ದರ್ಜೆಗೆ 12 ಪದ. ಎರಡನೇ ದರ್ಜೆಯಲ್ಲಿ ಪಾಸಾದರೂ, ಮೋರ್ಸ್‌ನಲ್ಲಿ 100 ಸಂಪರ್ಕ ಮಾಡಿದ ದಾಖಲೆ ತೋರಿಸಿದ ಮೇಲೆಯೇ ಹ್ರಸ್ವತರಂಗದಲ್ಲಿ ಬಾಯಿಬಿಟ್ಟು ಮಾತನಾಡಲು ಅನುಮತಿ! ಬಯಲುಸೀಮೆಯವರಿಗೆ ವಿಎಚ್‌ಎಫ್ ಒಂದಿಷ್ಟು ದೂರಕ್ಕಾದರೂ ಒದಗುತ್ತಿತ್ತು. ನಮಗೆ ನಿಜವಾಗಿ ಬೇಕಾದದ್ದು ಮೋರ್ಸ್ ಬಾಗಿಲಿನ ಆಚೆಗಿತ್ತು.

ಕಳಸದ ಕಡೆ ತೋಟವೊಂದರಲ್ಲಿ ರೈಟರ್ ಆಗಿದ್ದ ನನ್ನ ಗೆಳೆಯನೊಬ್ಬನಿದ್ದ. ಲೈನ್ ಮನೆಗಳ ಕೆಟ್ಟ ರೇಡಿಯೋಗಳೆಲ್ಲ ಅವನ ಕೈಯಲ್ಲಿ ಸರಿಯಾಗುತ್ತಿದ್ದವು. ಪ್ರಶ್ನೆಪತ್ರಿಕೆಯಲ್ಲಿ ನನಗಿಂತ ಮುಂದು. ಆದರೆ ಮೋರ್ಸ್‌ನಲ್ಲಿ ಎರಡು ಸಲ ನಪಾಸಾದ. ಮೋರ್ಸ್ ಕಲಿಯುವುದು ಕಿವಿಯಿಂದ. ಒಬ್ಬರು ಕಳುಹಿಸಬೇಕು, ಇನ್ನೊಬ್ಬರು ಬರೆಯಬೇಕು. ನಗರದವರಿಗೆ ಹ್ಯಾಮ್ ಸಂಘಗಳಿದ್ದವು. ಅವನಿಗೆ ಇದ್ದದ್ದು ಒಂದು ಕ್ಯಾಸೆಟ್. ಮೂರನೇ ಸಲ ಪರೀಕ್ಷೆಗೆ ದೂರದ ನಗರಕ್ಕೆ ಹೋಗಿಬರಲು ರಜೆಯೂ ಇಲ್ಲ, ದುಡ್ಡೂ ಇಲ್ಲ. ಬಿಟ್ಟುಬಿಟ್ಟ.

ಅವನೊಬ್ಬ ಬಿಟ್ಟರೆ ಏನಾಯಿತು ಎನ್ನುವಿರಾ? 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ, ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಪ್ರಮುಖರು. ನಮ್ಮಲ್ಲಿ 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿಯಿತು. ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯಂತೂ ಎಷ್ಟೋ ಮಳೆಗಾಲಗಳಲ್ಲಿ ಭದ್ರೆಯಲ್ಲಿ ಮುಳುಗಿದೆ. ಕರೆಂಟ್ ಹೋಗಿ ಮೊಬೈಲೂ ಸತ್ತಾಗ ಹೊಳೆಯ ಆಚೆ ಒಬ್ಬ ಹ್ಯಾಮ್ ಇದ್ದರೆ ಎಷ್ಟು ಬೆಲೆ ಎಂದು ನೀವೇ ಯೋಚಿಸಿ.

ಜಗತ್ತು ಬದಲಾಯಿತು. 1999ರ ಫೆಬ್ರುವರಿ 1ರಿಂದ ಹಡಗುಗಳ ಸುರಕ್ಷತೆಗೆ ಉಪಗ್ರಹ ಮತ್ತು ಸ್ವಯಂಚಾಲಿತ ರೇಡಿಯೋ ವ್ಯವಸ್ಥೆ ಪೂರ್ಣವಾಗಿ ಬಂದು ಮೋರ್ಸ್ ಅಲ್ಲಿಂದ ನಿವೃತ್ತವಾಯಿತು. 2003ರಲ್ಲಿ ಜಿನೀವಾದ ವಿಶ್ವ ರೇಡಿಯೋ ಸಮ್ಮೇಳನ, ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಯಾ ದೇಶಕ್ಕೇ ಬಿಟ್ಟಿತು. ಬ್ರಿಟನ್, ಜರ್ಮನಿ ಅದೇ ವರ್ಷ ಕೈಬಿಟ್ಟವು, ಅಮೆರಿಕ 2007ರಲ್ಲಿ. ಆಗ ಅಮೆರಿಕದಲ್ಲಿ ಸುಮಾರು ಆರೂವರೆ ಲಕ್ಷ ಪರವಾನಗಿದಾರರಿದ್ದರು. ಏಳೆಂಟು ವರ್ಷಗಳಲ್ಲಿ ಸಂಖ್ಯೆ 7 ಲಕ್ಷ ದಾಟಿತು. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಮೋರ್ಸ್ ಹೋದರೆ ಹವ್ಯಾಸವೇ ಹಾಳಾಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಭಾರತದಲ್ಲಿ ಮುಂದೆ ದರ್ಜೆಗಳನ್ನು ಸಾಮಾನ್ಯ, ನಿರ್ಬಂಧಿತ ಎಂದು ಎರಡಕ್ಕೆ ಇಳಿಸಿದಾಗಲೂ ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ಮೋರ್ಸ್ ಉಳಿಯಿತು.

ಹಾಗಾದರೆ ಮೋರ್ಸ್ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ! ಮಾತನ್ನು ಕಳುಹಿಸಲು ಸುಮಾರು 2,500 ಹರ್ಟ್ಸ್ ಅಗಲದ ಜಾಗ ಬೇಕು; ಮೋರ್ಸ್‌ಗೆ 150 ಹರ್ಟ್ಸ್ ಸಾಕು. ಜಡಿಮಳೆಯಲ್ಲಿ ಕಿಟಕಿಯನ್ನು ಸ್ವಲ್ಪವೇ ತೆರೆದರೆ ಒಳಗೆ ಬರುವ ಎರಚಲು ಕಡಿಮೆ ತಾನೇ? ಹಾಗೆಯೇ, ರಿಸೀವರಿನ ಕಿಟಕಿ ಕಿರಿದಾದಷ್ಟೂ ಗದ್ದಲ ಕಡಿಮೆ. ಅದಕ್ಕೇ ಮಾತು ಕೇಳಿಸದ ಕಡೆಯೂ ಮೋರ್ಸ್ ಕೇಳಿಸುತ್ತದೆ. ಒಂದೆರಡು ವಾಟ್ ಶಕ್ತಿಯಲ್ಲೇ ನನಗೆ ನೂರಾರು ಕಿಲೋಮೀಟರ್ ದೂರದಿಂದ ಉತ್ತರ ಬಂದದ್ದಿದೆ. ಮೋರ್ಸ್ ಸೆಟ್ಟನ್ನು ಕೈಯಾರೆ ಕಟ್ಟುವುದೂ ಸುಲಭ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮೋರ್ಸ್ ಒಳ್ಳೆಯ ವಿದ್ಯೆ, ಆದರೆ ಒಳ್ಳೆಯ ಬೀಗವಲ್ಲ. ನಿಲಯವನ್ನು ಸುರಕ್ಷಿತವಾಗಿ ನಡೆಸಲು, ಇತರರಿಗೆ ತೊಂದರೆಯಾಗದಂತೆ ಮಾತನಾಡಲು ಬೇಕಾದ ತಿಳಿವಳಿಕೆಯನ್ನು ಪರೀಕ್ಷಿಸಲೇಬೇಕು. ಮೋರ್ಸನ್ನು ಮಾತ್ರ ಇಷ್ಟಪಟ್ಟು ಕಲಿಯುವಂತಾಗಬೇಕು. ಪರೀಕ್ಷೆಗಾಗಿ ಕಲಿತ ಎಷ್ಟೋ ಜನ ಪಾಸಾದ ಮರುದಿನವೇ ಕೀಲಿಯನ್ನು ಅಟ್ಟಕ್ಕೆ ಹಾಕಿದ್ದನ್ನು ಕಂಡಿದ್ದೇನೆ.

ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಇದನ್ನು ಮಾಡಿ ನೋಡಿ. ಎರಡು ಟಾರ್ಚ್ ಸೆಲ್, ಒಂದು ಪುಟ್ಟ ಬಜರ್, ಒತ್ತಿದರೆ ಮುಟ್ಟುವಂತೆ ಬಾಗಿಸಿದ ತಗಡಿನ ಪಟ್ಟಿ. ಇಷ್ಟೇ ಮೋರ್ಸ್ ಕೀಲಿ! ತಂತಿಯಲ್ಲಿ ಹೀಗೆ ಆಡಲು ಪರವಾನಗಿ ಬೇಡ. ರೇಡಿಯೋದಲ್ಲಿ ಕಳುಹಿಸಲು ಮಾತ್ರ ಬೇಕೇ ಬೇಕು. ನಿಮಿಷಕ್ಕೆ 5 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಕಾಲ 0.24 ಸೆಕೆಂಡ್, 12 ಪದಗಳ ವೇಗದಲ್ಲಿ 0.1 ಸೆಕೆಂಡ್. ಚುಕ್ಕೆ-ಗೆರೆಗಳನ್ನು ಕಾಗದದಲ್ಲಿ ಎಣಿಸಿ ಕಲಿಸಬೇಡಿ, ತಾಳದಂತೆ ಕೇಳಿಸಿ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸುವುದನ್ನು ಮರೆಯಬೇಡಿ. ಒಂಟಿಯಾಗಿ ಕಲಿಯುವುದು ಎಷ್ಟು ಕಷ್ಟವೆಂದು ನಮ್ಮ ಬೆಟ್ಟದವರಿಗೆ ಗೊತ್ತು.